ವಕೀಲರಿಗೆ ಪಗಾರ ಎಷ್ಟು ಸಾರ್?

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲಿನ ಮೂರು-ನಾಲ್ಕು ವಾರ ನಮ್ಮಂಥ ಮೇಷ್ಟರುಗಳ ಮನೆಯ ಜಗಲಿ ಖಾಲಿ ಇರುವುದಿಲ್ಲ. ಶಾಲೆಗೆ ರಜೆ ಇದ್ದರೂ ಸಲಹೆ ಕೇಳುವವರಿಗೆ ರಜೆ ಇಲ್ಲ. ವಿಜ್ಞಾನ ಕಲಿಸುವವನಿಗೆ ಲೋಕದ ಎಲ್ಲ ಉದ್ಯೋಗಗಳ ಒಳಗುಟ್ಟೂ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದನ್ನು ಮುರಿಯುವ ಧೈರ್ಯ ನನಗೂ ಬಂದಿಲ್ಲ.

ಮೊನ್ನೆ ಸಂಜೆ ಕೊಟ್ಟೂರಿನ ಪಕ್ಕದ ಹಳ್ಳಿಯ ಯಜಮಾನರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಾಲ್ಕೂವರೆ ಎಕರೆ ಮೆಕ್ಕೆಜೋಳದ ಹೊಲ ಅವರದು. ಮಗಳು ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಕುಳಿತು ನೀರು ಕುಡಿದವರೇ ಕೇಳಿದರು: "ಮೇಷ್ಟ್ರೇ, ಇಕಿನ್ನ ಲಾ ಓದಿಸಬೇಕು ಅಂತ ಮಾಡೀನಿ. ವಕೀಲರಿಗೆ ಪಗಾರ ಎಷ್ಟು ಬರ್ತೈತ್ರಿ?"

ಜೇಬಿನಿಂದ ಮೊಬೈಲ್ ತೆಗೆದು ಒಂದು ಜಾಹೀರಾತನ್ನೂ ತೋರಿಸಿದರು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನದು. ಕರಿಕೋಟು ತೊಟ್ಟ ಹುಡುಗಿಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 'ವರ್ಷಕ್ಕೆ ೧೮ ಲಕ್ಷ'. ಐದು ವರ್ಷದ ಕೋರ್ಸಿಗೆ ಶುಲ್ಕ, ಊಟ, ವಸತಿ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಅವರೇ ಲೆಕ್ಕ ಹಾಕಿಸಿಕೊಂಡು ಬಂದಿದ್ದರು. ಅದೂ ಹೆಚ್ಚುಕಡಿಮೆ ಹದಿನೆಂಟು ಲಕ್ಷವೇ! ರಸ್ತೆ ಬದಿಯ ಒಂದು ಎಕರೆಗೆ ಗಿರಾಕಿ ಸಿಕ್ಕಿದ್ದಾನಂತೆ. ಒಂದು ವರ್ಷ ದುಡಿದರೆ ಹೊಲದ ದುಡ್ಡು ವಾಪಸ್ಸು ಬರುತ್ತದಲ್ಲ ಎಂಬುದು ಅವರ ಲೆಕ್ಕ. ಮಗಳು ನೆಲ ನೋಡುತ್ತ ಕುಳಿತಿದ್ದಳು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಈ ವರ್ಷ ಅಂಕಣಕ್ಕೆ ಬಂದ ಪತ್ರಗಳಲ್ಲೂ ನಾಲ್ಕಾರು ಇದನ್ನೇ ಕೇಳಿವೆ. ಬೆಂಗಳೂರಿನಲ್ಲಿ ವಕೀಲರಿಗೆ ಎಷ್ಟು, ಬಳ್ಳಾರಿಯಲ್ಲಿ ಎಷ್ಟು, ಯಾವ ಬಗೆಯ ಕೇಸಿನಲ್ಲಿ ಹೆಚ್ಚು ಗಳಿಕೆ? ಆದ್ದರಿಂದ ಆ ಸಂಜೆಯ ಮಾತುಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನೇ ತಿದ್ದಬೇಕಾಯಿತು. ಕೋರ್ಟಿನಲ್ಲಿ ವಾದ ಮಾಡುವ ವಕೀಲರಿಗೆ ಪಗಾರವೇ ಇಲ್ಲ. ಭಾರತೀಯ ಬಾರ್ ಕೌನ್ಸಿಲ್ಲಿನ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ಆ ನೌಕರಿ ಇರುವವರೆಗೆ ವಕೀಲಿ ಮಾಡುವಂತಿಲ್ಲ. ಹಾಗಾಗಿ ವಕೀಲರ ಗಳಿಕೆ ಎಂದರೆ ಫೀಸು, ಫೀಸು ಎಂದರೆ ಕಕ್ಷಿದಾರ. ಆ ಕಕ್ಷಿದಾರನ ಕೈಯಲ್ಲಿ ದುಡ್ಡು ಯಾವಾಗ ಓಡಾಡುತ್ತದೆ ಎಂಬುದರ ಮೇಲೆ ವಕೀಲರ ಮನೆಯ ಒಲೆ ಉರಿಯುತ್ತದೆ. ಕೂಡ್ಲಿಗಿಯಲ್ಲಿ ವಕೀಲಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ತಿಂಗಳಿಗೆ ಎಷ್ಟಪ್ಪಾ ಎಂದು ಕೇಳಿದ್ದೆ. "ತಿಂಗಳ ಲೆಕ್ಕ ಕೇಳಬ್ಯಾಡ್ರಿ ಸಾರ್, ವರ್ಷದ ಲೆಕ್ಕ ಕೇಳ್ರಿ. ಮೇ ತಿಂಗಳು ಕೋರ್ಟಿಗೆ ರಜೆ, ಬಿತ್ತೋ ಕಾಲಕ್ಕೆ ಯಾರೂ ಫೀಸು ಕೊಡಂಗಿಲ್ಲ. ಶೇಂಗಾ, ಜೋಳ ಮಾರಿದ ಮ್ಯಾಲೆ ನಮಗೂ ಸುಗ್ಗಿ" ಎಂದ. ರೈತನ ಮಗ ವಕೀಲನಾದರೂ ಮಳೆಯನ್ನೇ ನೋಡಬೇಕು!

ಇನ್ನು ಆ ಜಾಹೀರಾತಿನ ಅಂಕಿ. ಅಲ್ಲೇ ಸಣ್ಣಕ್ಷರದಲ್ಲಿ 'ಅತ್ಯಧಿಕ ಪ್ಯಾಕೇಜ್' ಎಂದಿತ್ತು. ಅಂದರೆ ಇಡೀ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಕ್ಕ ಒಬ್ಬರ ಮೊತ್ತ. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಪಾಠ ನೆನಪಿದೆಯೇನಮ್ಮಾ ಎಂದು ಹುಡುಗಿಯನ್ನು ಕೇಳಿ, ಅಂಗಳದಲ್ಲಿದ್ದ ಹಳೆಯ ಸ್ಲೇಟನ್ನು ಅವಳ ಕೈಗೆ ಕೊಟ್ಟೆ. ಒಂದು ಊರಿನಲ್ಲಿ ಹತ್ತು ಜನ ವಕೀಲರಿದ್ದಾರೆ ಎಂದುಕೊಳ್ಳೋಣ. ಒಂಬತ್ತು ಜನಕ್ಕೆ ತಿಂಗಳಿಗೆ ೨೦,೦೦೦ ರೂಪಾಯಿ, ಹತ್ತನೆಯವರಿಗೆ ೮,೨೦,೦೦೦. ಸರಾಸರಿ ಎಷ್ಟು? ಅವಳು ಕೂಡಿಸಿ ಭಾಗಿಸಿದಳು. ಸರಿಯಾಗಿ ಒಂದು ಲಕ್ಷ. ಮಧ್ಯಾಂಕ? ಇಪ್ಪತ್ತು ಸಾವಿರ. 'ನಮ್ಮ ಊರಿನ ವಕೀಲರ ಸರಾಸರಿ ಗಳಿಕೆ ತಿಂಗಳಿಗೆ ಒಂದು ಲಕ್ಷ' ಎಂದು ಯಾರಾದರೂ ಬರೆದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಒಂದು ಲಕ್ಷ ಗಳಿಸುವ ವಕೀಲ ಆ ಊರಿನಲ್ಲಿ ಒಬ್ಬನೂ ಇಲ್ಲ. ವಕೀಲಿ ವೃತ್ತಿಯಲ್ಲಿ ಈ ಏರುಪೇರು ಮಿಕ್ಕ ಉದ್ಯೋಗಗಳಿಗಿಂತ ಹೆಚ್ಚು. ದೆಹಲಿಯಲ್ಲಿ ಒಂದು ಹಾಜರಿಗೆ ಲಕ್ಷಗಟ್ಟಲೆ ತೆಗೆದುಕೊಳ್ಳುವ ಹಿರಿಯ ವಕೀಲರೂ ಅದೇ ಕರಿಕೋಟು ತೊಡುತ್ತಾರೆ, ಬಸ್ ಚಾರ್ಜಿಗೆ ಪರದಾಡುವ ಕಿರಿಯನೂ ಅದನ್ನೇ ತೊಡುತ್ತಾನೆ.

ಯಜಮಾನರು ಬಿಡಲಿಲ್ಲ. "ಹಂಗಾರೆ ಸಿಟಿಯಾಗ ಹೆಚ್ಚಲ್ರೀ?" ಎಂದರು. ಹೆಚ್ಚು ಹೌದು. ಏಕೆ ಹೆಚ್ಚು ಎಂಬುದನ್ನು ತಿಳಿದರೆ ಮಾತ್ರ ಆ ಹೆಚ್ಚಳ ಯಾರಿಗೆ ಸಿಗುತ್ತದೆ ಎಂದು ಗೊತ್ತಾಗುತ್ತದೆ.

ನಮ್ಮ ಭಾಗದ ಚರಿತ್ರೆಯನ್ನೇ ನೋಡಿ. ೧೯೫೩ರ ಅಕ್ಟೋಬರ್ ೧ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕೂಡ್ಲಿಗಿಯ ಒಂದು ಜಮೀನಿನ ವ್ಯಾಜ್ಯ ಹೈಕೋರ್ಟಿಗೆ ಹೋಗಬೇಕೆಂದರೆ ಮದ್ರಾಸಿಗೇ ಹೋಗಬೇಕು, ಫೀಸೂ ಅಲ್ಲಿನ ವಕೀಲರಿಗೇ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಹಣ ಬೆಂಗಳೂರಿಗೆ ಹರಿಯಿತು. ೨೦೦೮ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, ೨೦೧೩ರಲ್ಲಿ ಅದು ಕಾಯಂ ಪೀಠವಾಯಿತು. ನಮ್ಮ ಮೇಲ್ಮನವಿಗಳು ಈಗ ಅಲ್ಲಿಗೆ ಹೋಗುತ್ತವೆ. ಕಕ್ಷಿದಾರ ಅದೇ ಹಳ್ಳಿಯವನು, ಹೊಲವೂ ಅದೇ. ಪೀಠ ಎಲ್ಲಿ ಕುಳಿತಿತೋ ಫೀಸು ಅಲ್ಲಿಗೆ ಹೋಯಿತು, ಅಷ್ಟೆ.

ಸೊಂಡೂರಿನ ಅದಿರಿನ ಪ್ರಕರಣ ಇದಕ್ಕೆ ಇನ್ನೂ ದೊಡ್ಡ ಉದಾಹರಣೆ. ಗಣಿ ನಮ್ಮ ಜಿಲ್ಲೆಯದು, ದೂಳು ನಮ್ಮ ರಸ್ತೆಗಳದು, ೨೦೦೯ರಲ್ಲಿ ಅರ್ಜಿ ಹಾಕಿದ ಸಮಾಜ ಪರಿವರ್ತನ ಸಮುದಾಯ ಧಾರವಾಡದ್ದು. ಆದರೆ ವಾದ ನಡೆದದ್ದು ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ. ೨೦೧೧ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿದ್ದದ್ದೂ ಅಲ್ಲಿಂದಲೇ. ವ್ಯಾಜ್ಯದ ಬೆಲೆ ಏರಿದಷ್ಟೂ ಅದು ಮೇಲಿನ ಕೋರ್ಟಿಗೆ, ದೊಡ್ಡ ಊರಿಗೆ ಸರಿಯುತ್ತದೆ. ದೊಡ್ಡ ಊರಿನ ಫೀಸು ದೊಡ್ಡದಾಗುವುದು ಹೀಗೆ. ಅಂಥ ಪ್ರಕರಣಕ್ಕೆ ಹಿಡಿಯುವುದು ಹೆಸರು ಮಾಡಿದವರನ್ನು. ಹೊಸದಾಗಿ ರೈಲಿಳಿದವನಿಗೆ ಅಲ್ಲಿ ಸಿಗುವುದು ಕಡತ ಹೊರುವ ಕೆಲಸ.

ಕೆಲಸದ ಬಗೆಯಲ್ಲೂ ಇದೇ ತರ್ಕ. ತಾಲ್ಲೂಕು ಕೋರ್ಟಿನ ವಕೀಲರ ಕೈಹಿಡಿಯುವುದು ಪಾಲಿನ ದಾವೆ, ದಾರಿ-ಬದುವಿನ ತಕರಾರು, ಜಾಮೀನು, ಜೀವನಾಂಶ, ಚೆಕ್ ಬೌನ್ಸು, ಬ್ಯಾಂಕಿಗೆ ಬರೆದುಕೊಡುವ ಕಾಗದಪತ್ರದ ಅಭಿಪ್ರಾಯ, ಜೊತೆಗೆ ಮೋಟಾರು ಅಪಘಾತದ ಪರಿಹಾರ. ಪಾಲಿನ ದಾವೆ ಒಂದು ತಲೆಮಾರು ನಡೆಯುತ್ತದೆ, ಫೀಸು ಕಂತಿನಲ್ಲಿ ಬರುತ್ತದೆ. ಜಾಮೀನಿನ ಕೆಲಸ ಹಾಗಲ್ಲ, ಮನೆಯವನು ಒಳಗಿರುವಾಗ ಯಾರೂ ಸುಗ್ಗಿಗೆ ಕಾಯುವುದಿಲ್ಲ. ಅಪಘಾತದ ಪರಿಹಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀಸು ಗೊತ್ತುಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. 'ಆ ಕೇಸಿನಲ್ಲಿ ಪರ್ಸೆಂಟೇಜ್ ಸಿಗುತ್ತದೆ' ಎಂಬ ಆಸೆ ತೋರಿಸಿ ಮಕ್ಕಳನ್ನು ಕಾನೂನಿಗೆ ಸೇರಿಸುವ ತಂದೆತಾಯಿಯರು ಇದನ್ನು ತಿಳಿದಿರಬೇಕು.

ಕಂಪನಿ ದಿವಾಳಿ, ಷೇರು, ವಿಲೀನ ಮೊದಲಾದ ಕೆಲಸಕ್ಕೆ ಫೀಸು ದೊಡ್ಡದು. ಆದರೆ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠ ಇರುವುದು ಬೆಂಗಳೂರಿನಲ್ಲಿ, ಕೂಡ್ಲಿಗಿಯಲ್ಲಿ ಕುಳಿತು ಅದು ಆಗದು. ತೆರಿಗೆಯ ಕೆಲಸ ಮಧ್ಯಮ ಗಾತ್ರದ ಊರಿನಲ್ಲೂ ನಡೆಯುತ್ತದೆ. ೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಬಂದ ಮೇಲೆ ಅಂಗಡಿಕಾರರು, ದಲ್ಲಾಳಿಗಳು, ಗುತ್ತಿಗೆದಾರರು ಎಲ್ಲರಿಗೂ ಅದನ್ನು ಬಲ್ಲವರು ಬೇಕು.

ವಿಜ್ಞಾನ ಮೇಷ್ಟರಾಗಿ ಒಂದು ದಾರಿಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪೇಟೆಂಟ್ ಏಜೆಂಟ್ ಆಗಲು ಕಾನೂನು ಪದವಿ ಬೇಕಿಲ್ಲ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು, ಪೇಟೆಂಟ್ ಕಚೇರಿಯ ಪರೀಕ್ಷೆ ಪಾಸಾಗಬೇಕು. ಅದರ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡಿಕೊಂಡರೆ ಕೋರ್ಟಿನಲ್ಲೂ ವಾದಿಸಬಹುದು. ನಮಗೆ ಸಂಬಂಧಪಟ್ಟ ಪೇಟೆಂಟ್ ಕಚೇರಿ ಚೆನ್ನೈಯಲ್ಲಿದೆ. ಬಿ.ಎಸ್‌ಸಿ. ಮಾಡಿದವರಿಗೆ ಬಿ.ಎಡ್. ಒಂದೇ ಗತಿ ಎಂದು ನಾವು ತಿಳಿದಿದ್ದ ಕಾಲದಲ್ಲಿ ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಹಾಗಾದರೆ ತಿಂಗಳು ತಿಂಗಳು ಕೈಗೆ ಬರುವ ಗೊತ್ತಾದ ಹಣ ಕಾನೂನು ಓದಿದವರಿಗೆ ಎಲ್ಲೂ ಇಲ್ಲವೇ? ಇದೆ. ಮುಂಬೈ, ದೆಹಲಿ, ಬೆಂಗಳೂರುಗಳ ಅತಿ ದೊಡ್ಡ ಕಾನೂನು ಸಂಸ್ಥೆಗಳು ಹೊಸಬರಿಗೇ ವರ್ಷಕ್ಕೆ ೧೫ ಲಕ್ಷದ ಮೇಲೆ ಕೊಡುತ್ತವೆ. ಅವು ಆಳುಗಳನ್ನು ಆರಿಸುವುದು ಹೆಚ್ಚಾಗಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಂದ. ಅವುಗಳಲ್ಲಿ ಮೊದಲನೆಯದು ೧೯೮೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು. ಅಲ್ಲಿಗೆ ಹೋಗಬೇಕಾದರೆ ಕ್ಲಾಟ್ ಪರೀಕ್ಷೆ: ಎರಡು ಗಂಟೆ, ೧೨೦ ಪ್ರಶ್ನೆ, ಪೂರ್ತಿ ಇಂಗ್ಲಿಷಿನಲ್ಲಿ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಕನ್ನಡ ಮಾಧ್ಯಮದ ಮಕ್ಕಳಿಗೆ ಅಡ್ಡಿಯಾಗುವುದು ಕಾನೂನಲ್ಲ, ಎರಡು ಗಂಟೆಯಲ್ಲಿ ಅಷ್ಟು ಇಂಗ್ಲಿಷನ್ನು ಓದಿ ಮುಗಿಸುವ ವೇಗ. ಬೆಂಗಳೂರಿನ ಆ ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಶೇಕಡಾ ೨೫ ಮೀಸಲಾತಿ ಇಟ್ಟಿದ್ದಾರೆ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಪತ್ರಿಕೆ ಓದಲು ಹಚ್ಚಿದ ಮಕ್ಕಳಿಗೆ ಇದು ಕೈಗೆಟುಕದ ಮಾತಲ್ಲ. ಪಿಯುಸಿ ಮುಗಿಸಿ ಬಂದು ಕೇಳಿದರೆ ತಡವಾಗಿರುತ್ತದೆ. ಯಜಮಾನರು ತೋರಿಸಿದ ಕಾಲೇಜು ಆ ಗುಂಪಿನದಲ್ಲ. ಅದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು.

ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆ ಇನ್ನೊಂದು. ಎಲ್‌ಎಲ್.ಬಿ. ಮಾಡಿ ಸನ್ನದು ಪಡೆದವರು, ಮೂವತ್ತು ವಯಸ್ಸಿನೊಳಗಿನವರು ಐ.ಬಿ.ಪಿ.ಎಸ್. ಪರೀಕ್ಷೆ ಬರೆಯಬಹುದು. ಮೊದಲ ಶ್ರೇಣಿಯ ಮೂಲವೇತನ ೪೮,೪೮೦ ರೂಪಾಯಿ, ಭತ್ಯೆಗಳು ಬೇರೆ. ವರ್ಗ ಮಾತ್ರ ದೇಶದ ಯಾವ ಮೂಲೆಗೂ ಆದೀತು.

ಸಿವಿಲ್ ನ್ಯಾಯಾಧೀಶರ ಹುದ್ದೆಯ ಮಾತು ಬಂದಾಗ ಹುಡುಗಿ ಮೊದಲ ಬಾರಿಗೆ ತಲೆ ಎತ್ತಿದಳು. ಅವಳ ಮನಸ್ಸಿನಲ್ಲಿದ್ದದ್ದು ಅದೇ ಎಂದು ಆಗ ತಿಳಿಯಿತು. ಎರಡನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಆರಂಭದ ಮೂಲವೇತನ ೭೭,೮೪೦ ರೂಪಾಯಿ. ಈ ಸಂಬಳಕ್ಕೆ ಊರಿನ ಭೇದವಿಲ್ಲ. ಬೆಂಗಳೂರಿನಲ್ಲಿ ಕುಳಿತರೂ ಹಡಗಲಿಯಲ್ಲಿ ಕುಳಿತರೂ ಮೂಲವೇತನ ಒಂದೇ. ಕೆಳ ನ್ಯಾಯಾಲಯದ ಭಾಷೆ ಕನ್ನಡ, ಮುಖ್ಯ ಪರೀಕ್ಷೆಯಲ್ಲಿ ಕನ್ನಡ-ಇಂಗ್ಲಿಷ್ ಅನುವಾದದ ಪತ್ರಿಕೆಯೇ ಒಂದಿದೆ. ಕನ್ನಡ ಚೆನ್ನಾಗಿ ಬಲ್ಲ ನಮ್ಮ ಮಕ್ಕಳಿಗೆ ಇಲ್ಲೊಂದು ಮೇಲುಗೈ ಇದೆ. ಆದರೆ ೨೦೨೫ರ ಮೇ ೨೦ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಈ ಪರೀಕ್ಷೆಗೆ ಕೂರಲು ಮೂರು ವರ್ಷ ವಕೀಲಿ ಮಾಡಿರಬೇಕು. ಓದು ಮುಗಿಸಿ ನೇರವಾಗಿ ನ್ಯಾಯಾಧೀಶರಾಗುವ ದಾರಿಯನ್ನು ಅದು ಮುಚ್ಚಿತು.

ಸ್ಲೇಟನ್ನು ಒರೆಸಿ ವಯಸ್ಸಿನ ಲೆಕ್ಕ ಹಾಕಿದೆವು. ಈಗ ಹದಿನೆಂಟು. ಐದು ವರ್ಷದ ಓದು, ಇಪ್ಪತ್ತಮೂರು. ಮೂರು ವರ್ಷ ವಕೀಲಿ, ಇಪ್ಪತ್ತಾರು. ಪರೀಕ್ಷೆ, ಸಂದರ್ಶನ, ನೇಮಕದ ಆದೇಶ, ಎಲ್ಲ ಸಲೀಸಾದರೂ ಇಪ್ಪತ್ತೇಳು, ಇಪ್ಪತ್ತೆಂಟು. ಓದಿನ ಖರ್ಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಇಪ್ಪತ್ತಮೂರರಿಂದ ಇಪ್ಪತ್ತಾರರವರೆಗಿನ ಅನ್ನದ ಖರ್ಚನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮೇಲೆ ಹೇಳಿದ ಕೂಡ್ಲಿಗಿಯ ವಕೀಲ ಇದ್ದಾನಲ್ಲ, ಅವನಿಗೆ ಹದಿನೇಳು ವರ್ಷದ ಹಿಂದೆ 'ತಾಲ್ಲೂಕು ಕೋರ್ಟಿನಲ್ಲಿ ಏನಿದೆಯಪ್ಪಾ, ಬೆಂಗಳೂರಿಗೆ ಹೋಗು' ಎಂದು ಬುದ್ಧಿ ಹೇಳಿದವನು ನಾನೇ. ಅವನು ಹೋದ. ಒಬ್ಬ ಹಿರಿಯರ ಕಚೇರಿಗೆ ಸೇರಿದ. ಎರಡು ವರ್ಷ ಅವನಿಗೆ ಸಿಕ್ಕದ್ದು ಬಸ್ಸಿನ ಖರ್ಚು, ಹಬ್ಬಕ್ಕೊಂದು ಜೊತೆ ಬಟ್ಟೆ. ಗೆಳೆಯರ ರೂಮಿನಲ್ಲಿ ಮಲಗುತ್ತಿದ್ದ. ಊರಿನಿಂದ ಅವರಪ್ಪ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರು, ಒಂದು ವರ್ಷ ಮಳೆ ಬರಲಿಲ್ಲ, ಎತ್ತು ಮಾರಿದರು. ಎತ್ತು ಮಾರಿದ ಸುದ್ದಿ ನನಗೆ ಗೊತ್ತಾದದ್ದು ಅವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ ಮೇಲೆ. ಕೂಡ್ಲಿಗಿಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದ. ಈಗ ಚೆನ್ನಾಗಿದ್ದಾನೆ, ಮನೆ ಕಟ್ಟಿದ್ದಾನೆ, ನನ್ನ ಮೇಲೆ ಬೇಸರವೇನೂ ಇಲ್ಲ. ಆದರೂ ಅವರಪ್ಪನ ಮುಂದೆ ಹಾದು ಹೋಗುವಾಗ ನನ್ನ ನಡಿಗೆ ಚುರುಕಾಗುತ್ತದೆ.

ಆಗಿಗಿಂತ ಈಗ ಸ್ವಲ್ಪ ವಾಸಿ. ೨೦೨೪ರ ಅಕ್ಟೋಬರ್‌ನಲ್ಲಿ ಭಾರತೀಯ ಬಾರ್ ಕೌನ್ಸಿಲ್ ಒಂದು ಸುತ್ತೋಲೆ ಹೊರಡಿಸಿ, ಹಿರಿಯ ವಕೀಲರು ತಮ್ಮ ಕಿರಿಯರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ ೨೦,೦೦೦, ಗ್ರಾಮಾಂತರದಲ್ಲಿ ೧೫,೦೦೦ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಎಂಬ ಮಾತನ್ನು ಗಮನಿಸಿ, ಕಡ್ಡಾಯವಲ್ಲ. ಅಷ್ಟು ಕೊಟ್ಟರು ಎಂದೇ ಇಟ್ಟುಕೊಂಡರೂ ನಗರಕ್ಕೂ ಹಳ್ಳಿಗೂ ಅಂತರ ಐದು ಸಾವಿರ. ಯಜಮಾನರ ಅಳಿಯನೊಬ್ಬ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದಾನೆ, ಊಟ ಸೇರಿ ಒಂಬತ್ತು ಸಾವಿರ ಕಟ್ಟುತ್ತಾನೆ. ಇಪ್ಪತ್ತರಲ್ಲಿ ಒಂಬತ್ತು ಕಳೆದರೆ ಹನ್ನೊಂದು, ಬಸ್ಸು-ಬಟ್ಟೆ ಇನ್ನೂ ಬಾಕಿ. ಮನೆಯಿಂದ ಕೂಡ್ಲಿಗಿಗೆ ಓಡಾಡಿದರೆ ಹದಿನೈದರಲ್ಲಿ ಬಸ್ಸಿನ ಖರ್ಚು ಕಳೆದು ಮಿಕ್ಕದ್ದೆಲ್ಲ ಉಳಿಯುತ್ತದೆ. ಮೊದಲ ಮೂರು ವರ್ಷದ ಮಟ್ಟಿಗೆ ಬೆಂಗಳೂರಿನ ಕಿರಿಯ ವಕೀಲ ಕೂಡ್ಲಿಗಿಯ ಕಿರಿಯನಿಗಿಂತ ಬಡವ. ಹುಡುಗಿಯೇ ಈ ಮಾತನ್ನು ಹೇಳಿದಳು, ನಾನು ಹೇಳಬೇಕಾಗಲಿಲ್ಲ.

ಇನ್ನೂ ಒಂದೆರಡು ಸಂಗತಿ. ಸನ್ನದಿಗೆ ಹೆಸರು ನೋಂದಾಯಿಸಲು ಹಿಂದೆ ರಾಜ್ಯದಿಂದ ರಾಜ್ಯಕ್ಕೆ ಸಾವಿರಾರು ರೂಪಾಯಿ ವಸೂಲಾಗುತ್ತಿತ್ತು. ೨೦೨೪ರ ಜುಲೈ ೩೦ರಂದು ಸುಪ್ರೀಂ ಕೋರ್ಟು ಅದನ್ನು ಕಾಯ್ದೆಯಲ್ಲಿರುವ ೭೫೦ ರೂಪಾಯಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ೧೨೫ ರೂಪಾಯಿಗೆ ಕಟ್ಟಿಹಾಕಿತು. ಪರಿಶಿಷ್ಟರ, ಹಿಂದುಳಿದ ವರ್ಗಗಳ ಹೊಸ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ಶಿಷ್ಯವೇತನ ಕೊಡುವ ಸರ್ಕಾರಿ ಯೋಜನೆಗಳೂ ಇವೆ. ಜಿಲ್ಲೆಯ ಇಲಾಖಾ ಕಚೇರಿಯಲ್ಲಿ ವಿಚಾರಿಸಬೇಕು. ಐದು ವರ್ಷದ ಕಾನೂನು ಓದು ಬೆಂಗಳೂರಿನಲ್ಲೇ ಆಗಬೇಕೆಂದೇನಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ೨೦೦೯ರಿಂದ ಇದೆ. ಬಳ್ಳಾರಿ, ದಾವಣಗೆರೆಗಳಲ್ಲೂ ಕಾನೂನು ಕಾಲೇಜುಗಳಿವೆ. ಪದವಿಯ ಬೆಲೆ ಕೋರ್ಟಿನಲ್ಲಿ ಒಂದೇ. ೨೦೨೪ರ ಜುಲೈ ೧ರಿಂದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಸದ್ಯಕ್ಕೆ ಹಳಬರೂ ಪುಸ್ತಕ ತೆರೆದು ಕಲಂ ಹುಡುಕುತ್ತಿದ್ದಾರೆ!

"ಹಂಗಾರೆ ಹೊಲ ಮಾರಬ್ಯಾಡ ಅಂತೀರೇನ್ರೀ?" ಎಂದು ಯಜಮಾನರು ನೇರವಾಗಿ ಕೇಳಿದರು. ಒಮ್ಮೆ ಬುದ್ಧಿ ಹೇಳಿ ಕೈ ಸುಟ್ಟುಕೊಂಡವನು ನಾನು. ಆದರೂ ಹೇಳಿದೆ, ಮಾರಬೇಡಿ. ಹತ್ತಿರದ ಕಾಲೇಜಿಗೆ ಹಾಕಿ. ಓದು ಮುಗಿದ ಮೇಲಿನ ಮೂರು ವರ್ಷಕ್ಕೆ ಹೊಲ ಬೇಕಾಗುತ್ತದೆ, ಅದರಲ್ಲಿ ಬೆಳೆದದ್ದು ಅವಳ ಅನ್ನಕ್ಕಾಗುತ್ತದೆ. ಅವರು ಉತ್ತರ ಕೊಡಲಿಲ್ಲ. ಗಿರಾಕಿ ಈ ಅಮಾವಾಸ್ಯೆಯೊಳಗೆ ಮುಂಗಡ ಕೊಡುತ್ತೇನೆಂದಿದ್ದಾನೆ ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಹುಡುಗಿ ಮಾತ್ರ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಸಾರ್, ಕೋರ್ಟಿನೊಳಗೆ ನಮ್ಮಂಥೋರು ಹೋಗಿ ಕುಂದ್ರಬೋದೇನ್ರೀ?" ಧಾರಾಳವಾಗಿ ಕೂರಬಹುದು, ಸಾಮಾನ್ಯವಾಗಿ ಕಲಾಪ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಸದ್ದು ಮಾಡದೆ ಕೂರಬೇಕು ಅಷ್ಟೆ ಎಂದೆ. ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಹಚ್ಚಿದೆ. ರಜೆ ಮುಗಿದು ಕೋರ್ಟು ತೆರೆದ ಮೊದಲ ಸೋಮವಾರ ಅವಳು ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಕೂಡ್ಲಿಗಿಗೆ ಹೋಗುತ್ತಾಳೆ. ಹತ್ತೂವರೆಗೆ ಕೋರ್ಟಿನ ಗೇಟಿನ ಹತ್ತಿರ ನಿಂತಿರಲು ಅವನು ಹೇಳಿದ್ದಾನೆ.